ಆಟಿ ತಿಂಗಳ ಬಫೆ

ಆಟಿ ತಿಂಗಳು ಬಂತು ಅಂದರೆ ಈಗ ನಮ್ಮ ತುಳುನಾಡಿನ ಊರಲ್ಲಿ ಹೊಟ್ಟೆಗೆ ಬಿಡುವೇ ಇಲ್ಲ ಮಾರ್ರೆ. ಈ ಭಾನುವಾರ ಮಹಿಳಾ ಮಂಡಲದ 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ), ಬರುವ ಭಾನುವಾರ ಹಳೆ ವಿದ್ಯಾರ್ಥಿಗಳದ್ದು, ಅದರ ಮುಂದಿನ ವಾರ ಫ್ಲ್ಯಾಟಿನವರದ್ದು. ಪತ್ರೊಡೆ, ತಜಂಕಿನ ವಡೆ, ಕಣಿಲೆ ಪಲ್ಯ, ಹಲಸಿನ ಬೀಜದ ಸಾರು, ಉಪ್ಪಡಚ್ಚಿಲ್, ಹುರುಳಿ ಚಟ್ನಿ, ಕಡೆಗೆ ಮೆಂತೆ ಗಂಜಿ. ಸ್ಟೀಲಿನ ಮುಚ್ಚಳದ ಪಾತ್ರೆಗಳನ್ನು ಸಾಲಾಗಿ ಇಟ್ಟು ಕೆಳಗೆ ಬೆಂಕಿ ಹಚ್ಚಿರುತ್ತಾರೆ. ಒಂದೊಂದರ ಎದುರಿಗೂ ಇಂಗ್ಲಿಷಿನಲ್ಲಿ ಹೆಸರು ಬರೆದ ಚೀಟಿ. ತಟ್ಟೆ ಹಿಡಿದು ಸಾಲಲ್ಲಿ ನಿಂತವರಲ್ಲಿ ಅರ್ಧಕ್ಕರ್ಧ ಸಕ್ಕರೆ ಕಾಯಿಲೆಯವರು, ಆದರೂ ಪತ್ರೊಡೆ ಎರಡನೇ ಸಲ ಹಾಕಿಸಿಕೊಳ್ಳದವರಿಲ್ಲ. ಚಂದವೇ. ಬೇಡ ಅನ್ನುವವರು ಯಾರು, ಅಲ್ವಾ?

ಆದರೆ ಆಟಿ ಅಂದರೆ ಎಂತದ್ದು ಅಂತ ನಿಮಗೆ ನಾನು ಹೇಳಬೇಕಾ? ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಹೊರಗೆ ಕಾಲಿಡಲಾಗದ ಮಳೆ. ದೋಣಿಗಳೆಲ್ಲ ದಡದಲ್ಲಿ. ಗದ್ದೆ ಕೆಲಸ ಮುಗಿದು ಕೂಲಿ ಇಲ್ಲ, ಅಕ್ಕಿಮುಡಿಯ ತಳ ಕಾಣುತ್ತಿತ್ತು. ಬೇಲಿ ಬದಿಯಲ್ಲಿ ತಾನಾಗಿ ಎದ್ದ ಕೆಸು, ತಜಂಕು, ಬಿದಿರ ಮೆಳೆಯ ಕಣಿಲೆ ಇವೇ ಗತಿ. ರುಚಿಗೆ ಅಂತ ತಿಂದವರು ಯಾರೂ ಇರಲಿಲ್ಲ. ಹೊಸ ಮದುಮಗಳನ್ನು ಆ ತಿಂಗಳು ತವರಿಗೆ ಕಳಿಸುವ ಕ್ರಮ ಉಂಟಲ್ಲ, ಅದಕ್ಕೆ ಶಾಸ್ತ್ರದವರು ಏನೇನೋ ಕಾರಣ ಹೇಳುತ್ತಾರೆ. ಒಂದು ಬಾಯಿ ಕಡಿಮೆಯಾಗಲಿ ಅಂತಲೇ ಇರಬೇಕು ಅಂತ ನನ್ನ ಅಜ್ಜಿಯ ಅಂಬೋಣ. ಅಜ್ಜಿ ಬದುಕಿದ್ದು ಈ ಬಫೆ ನೋಡಿದ್ದರೆ, "ಬಡತನಕ್ಕೂ ಟಿಕೆಟ್ ಇಟ್ಟಿದ್ದಾರಾ ಮಗಾ?" ಅಂತ ಕೇಳದೆ ಬಿಡುತ್ತಿರಲಿಲ್ಲ.

ಇನ್ನೊಂದು ತಮಾಷೆ ನೋಡಿ. ಆಟಿಯಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಾವ ಶುಭಕಾರ್ಯವೂ ಇಲ್ಲ. ಹಾಗಾಗಿ ಸಭಾಭವನಗಳೆಲ್ಲ ಖಾಲಿ ಹೊಡೆಯುವುದು ಆ ತಿಂಗಳಲ್ಲೇ. ಬಾಡಿಗೆಯೂ ಸಲೀಸು. ನಮ್ಮ ಸಂಸ್ಕೃತಿಯ ಮೇಲೆ ಅಭಿಮಾನ ಉಕ್ಕಿ ಬರುವುದೂ ಸರಿಯಾಗಿ ಅದೇ ತಿಂಗಳಲ್ಲಿ! ನಾನು ಸುಮ್ಮನೆ ಹೇಳಿದೆ ಅಷ್ಟೇ.

ಹಾಲೆ ಮರದ ಕಷಾಯದ ಕತೆಯಂತೂ ಕೇಳಲೇಬೇಡಿ. ಆಟಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮುಂಚೆ ಹೋಗಬೇಕು, ಕತ್ತಿ ತಾಗಿಸದೆ ಕಲ್ಲಲ್ಲಿ ಜಜ್ಜಿ ತೊಗಟೆ ತೆಗೆಯಬೇಕು. ಹಳೇ ಕ್ರಮದಲ್ಲಾದರೆ ತರುವವನ ಮೈಮೇಲೆ ಬಟ್ಟೆ ಸಹ ಇರಬಾರದು. ಕತ್ತಲಲ್ಲಿ ಮರ ತಪ್ಪಬಾರದು ಅಂತ ಹಿಂದಿನ ದಿನವೇ ಗುರುತು ಮಾಡಿ ಇಡುವುದು, ಯಾಕೆಂದರೆ ಹಾಲೆ ಅಂತ ಕಾಸರಕದ ತೊಗಟೆ ಕೆತ್ತಿ ತಂದರೆ ಮನೆಮಂದಿಗೆಲ್ಲ ವಿಷವೇ. ರಸ ಹಿಂಡಿ, ಬೆಳ್ಳುಳ್ಳಿ, ಕಾಳುಮೆಣಸು, ಓಮ ಹಾಕಿ, ಕೆಂಪಗೆ ಕಾಸಿದ ಬಿಳಿಕಲ್ಲನ್ನು 'ಚುಂಯ್' ಅಂತ ಮುಳುಗಿಸಿದರೆ ಕಷಾಯ ತಯಾರು. ಕುಡಿದ ಮುಖ ನೋಡಬೇಕು! ಈಗ ಪೇಟೆಯಲ್ಲಿ ಬೆಳಿಗ್ಗೆ ಏಳಕ್ಕೆ ಶಾಮಿಯಾನ ಹಾಕಿ, ಮೈಕ್ ಕಟ್ಟಿ, ಪೇಪರ್ ಲೋಟದಲ್ಲಿ ಹಂಚುತ್ತಾರೆ. ತೊಗಟೆ ತಂದವರು ಬಟ್ಟೆ ಹಾಕಿಕೊಂಡಿದ್ದರೋ ಇಲ್ಲವೋ ಅಂತ ಯಾರೂ ವಿಚಾರಿಸುವುದಿಲ್ಲ, ಅದು ಒಳ್ಳೆಯದೇ ಆಯಿತು.

ನಮ್ಮ ಆಚೆಮನೆ ಅಣ್ಣನಿಗೆ ಇದರಲ್ಲಿ ಬೇಸರ ಇಲ್ಲ. ಅವರು ಬ್ಯಾಂಕಿನಲ್ಲಿದ್ದವರು. ಊರವರು ಸೇರಿ ಕಟ್ಟಿದ ಬ್ಯಾಂಕು ಆಮೇಲೆ ಇನ್ನೊಂದು ದೊಡ್ಡ ಬ್ಯಾಂಕಿನ ಹೊಟ್ಟೆ ಸೇರಿತು. ಅಂಥದ್ದನ್ನೇ ನೋಡಿದ ಮನುಷ್ಯ, ಪತ್ರೊಡೆ ಬಫೆಗೆ ಬಂದರೆ ತಲೆ ಕೆಡಿಸಿಕೊಳ್ಳುತ್ತಾರಾ? "ಬೊಂಬಾಯಿಯಲ್ಲಿ ಮಾಡ್ತಾರೆ, ದುಬಾಯಿಯಲ್ಲಿ ಮಾಡ್ತಾರೆ, ನಾವು ಮಾಡಿದರೆ ನಿಮಗೆಂತ ಕಷ್ಟ?" ಅಂತ ಬೇಲಿಯ ಆಚೆಯಿಂದಲೇ ಕೇಳುತ್ತಾರೆ. ಅದೂ ನಿಜವೇ. 2018ರಲ್ಲಿ ದುಬಾಯಿಯಲ್ಲಿ ವಿಶ್ವ ತುಳು ಸಮ್ಮೇಳನವೇ ಆಯಿತು. 2011ರ ಜನಗಣತಿಯಲ್ಲಿ ತುಳು ನಮ್ಮ ಭಾಷೆ ಅಂತ ಬರೆಸಿದವರು ಸುಮಾರು 18.46 ಲಕ್ಷ. ಇಷ್ಟು ಸಣ್ಣ ಜನಕ್ಕೆ, ಸಂವಿಧಾನದ ಎಂಟನೇ ಪರಿಚ್ಛೇದದ ಹೊಸಿಲಲ್ಲೇ ಇನ್ನೂ ನಿಂತಿರುವ ಭಾಷೆಗೆ, ದುಬಾಯಿಯಲ್ಲಿ ವೇದಿಕೆ ಸಿಕ್ಕಿತು ಅಂದರೆ ಕಡಿಮೆಯಾ?

ಕಡಿಮೆ ಅಲ್ಲ. ನಾನು ಹೇಳುವುದು ಬೇರೆ. ಜಾಗತೀಕರಣ ಬಂದು ಸಣ್ಣ ಜನರನ್ನು ನುಂಗಿಬಿಡುತ್ತದೆ ಅಂತ ಭಾಷಣದಲ್ಲಿ ಕೇಳಿ ಕೇಳಿ ಕಿವಿ ತೂತಾಗಿದೆ. ನಾನು ಕಂಡ ಹಾಗೆ ಅದು ನುಂಗುವುದಿಲ್ಲ ಮಾರ್ರೆ. ಮೀನು ಮಾರ್ಕೆಟಿಗೆ ಕಾರಲ್ಲಿ ಬಂದ ಗಿರಾಕಿಯ ಹಾಗೆ ಬುಟ್ಟಿಯ ಎದುರು ಬಗ್ಗಿ, ಅಂಜಲ್ ಒಂದನ್ನೇ ಎತ್ತಿ ನೋಡಿ, ಒಳ್ಳೇ ರೇಟು ಕೊಟ್ಟೇ ತೆಗೆದುಕೊಂಡು ಹೋಗುತ್ತದೆ. ಬೂತಾಯಿ, ಬೊಳಿಂಜೀರ್ ಬುಟ್ಟಿಯಲ್ಲೇ ಉಳಿಯುತ್ತವೆ. ಸ್ವಲ್ಪ ದಿನ ಹೋದರೆ ನಮಗೂ ಅನ್ನಿಸಲಿಕ್ಕೆ ಶುರುವಾಗುತ್ತದೆ, ನಮ್ಮ ಸಮುದ್ರದಲ್ಲಿ ಇರುವುದೇ ಅಂಜಲ್ ಅಂತ.

ಉದಾಹರಣೆಗೆ, 2020ರ ಫೆಬ್ರವರಿ ನೆನಪುಂಟಾ? ಕೊರೊನಾ ಇನ್ನೂ ನಮ್ಮ ಗೇಟಿಗೆ ಬಂದಿರಲಿಲ್ಲ. ಕೆಸರುಗದ್ದೆಯಲ್ಲಿ ಕೋಣ ಓಡಿಸುವ ಐಕಳ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಪುಣ್ಯಾತ್ಮ ಕೂತು ಭಾಗಾಕಾರ ಮಾಡಿದ. 100 ಮೀಟರಿಗೆ 9.55 ಸೆಕೆಂಡ್! ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಮತ್ತೆ ಕೇಳಬೇಕಾ? ಲಂಡನ್ನಿನ ಪೇಪರು, ಅಮೆರಿಕದ ಟಿವಿ, ಎಲ್ಲ ಕಡೆಯೂ ನಮ್ಮ ಕೆಸರು. ಕೇಂದ್ರದ ಕ್ರೀಡಾ ಮಂತ್ರಿಗಳು ಬೆಂಗಳೂರಿಗೆ ಬನ್ನಿ, ತಜ್ಞರು ಪರೀಕ್ಷೆ ಮಾಡುತ್ತಾರೆ ಅಂದರು. ಗೌಡರು ನಯವಾಗಿ ಬೇಡ ಅಂದರು. ಗದ್ದೆಯ ಕೆಸರೇ ಬೇರೆ, ಆ ಟ್ರ್ಯಾಕೇ ಬೇರೆ, ಓಟದ ಶ್ರೇಯಸ್ಸು ಕೋಣಗಳದ್ದೂ ಉಂಟು ಎಂಬ ಅರ್ಥದ ಮಾತಾಡಿದರು. ಆ ಇಡೀ ಗಲಾಟೆಯಲ್ಲಿ ಬುದ್ಧಿ ನೆಟ್ಟಗಿದ್ದದ್ದು ಅವರೊಬ್ಬರಿಗೇ ಅಂತ ನನ್ನ ಅಭಿಪ್ರಾಯ. ಕೆಲವೇ ದಿನದಲ್ಲಿ ವೇಣೂರಿನಲ್ಲಿ ಇನ್ನೊಬ್ಬ ಓಟಗಾರ ಆ ಲೆಕ್ಕವನ್ನೂ ಮುರಿದರು. ಅಷ್ಟರಲ್ಲಿ ಲೋಕಕ್ಕೆ ಬೇಜಾರು ಬಂದಿತ್ತು.

ಬೋಲ್ಟಿನ ಎದುರು ಎರಡು ಕೋಣ ಇರಲಿಲ್ಲ ಎಂಬ ಸಣ್ಣ ವಿಷಯ ಯಾರಿಗೂ ಹೊಳೆಯಲೇ ಇಲ್ಲ, ನೋಡಿ. ಕೋಣಗಳ ಹೆಸರನ್ನೂ ಯಾರೂ ಕೇಳಲಿಲ್ಲ. ಕಂಬಳದ ಮರ್ಲು ಹಿಡಿದವರನ್ನು ಕೇಳಿ, ಓಡಿಸಿದವರಿಗಿಂತ ಮೊದಲು ಕೋಣದ ಹೆಸರು, ಅದು ಯಾವ ಮನೆಯದ್ದು, ಹೋದ ವರ್ಷ ಎಲ್ಲಿ ಸೋತಿತು, ಎಲ್ಲ ಹೇಳುತ್ತಾರೆ. ಇನ್ನು ಕನೆ ಹಲಗೆ ಅಂತ ಒಂದು ವಿಭಾಗವೇ ಉಂಟಲ್ಲ? ಅಲ್ಲಿ ಸೆಕೆಂಡಿನ ಲೆಕ್ಕವೇ ಇಲ್ಲ. ಹಲಗೆಯ ಮೇಲೆ ನಿಂತು ಓಡಿಸುವಾಗ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನಿಗೆ ತಾಗಿತೋ ಇಲ್ಲವೋ, ಅಷ್ಟೇ. ಆ ನೀರು ಕಂಬದ ಎತ್ತರಕ್ಕೆ ಏಳುವುದನ್ನು ಒಮ್ಮೆ ನೋಡಿದವರು ಮರೆಯುವುದುಂಟಾ? ಆದರೆ ಬೋಲ್ಟಿನ ಜತೆ ಹೋಲಿಸಲಿಕ್ಕಾಗದ ಕಾರಣ ಅದು ಯಾವ ಪೇಪರಿಗೂ ಹೋಗಲಿಲ್ಲ. 2023ರ ನವೆಂಬರಿನಲ್ಲಿ ಕೋಣಗಳೇ ಲಾರಿ ಹತ್ತಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಹೋದವು. ಅಲ್ಲಿನವರು ಖುಷಿಯಿಂದ ನೋಡಿದರಂತೆ. ಕೋಣಗಳ ಅಭಿಪ್ರಾಯ ತಿಳಿಯಲಿಲ್ಲ.

ಹಾಗಂತ ಇದೆಲ್ಲ ಇವತ್ತಿನ ಕತೆ ಅಂದುಕೊಳ್ಳಬೇಡಿ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಹಳೇ ಕಸದ ದಿಬ್ಬ ಅಗೆದಾಗ ಒಂದು ಗ್ರೀಕ್ ಪ್ರಹಸನದ ಹಾಳೆ ಸಿಕ್ಕಿತು. 1903ರಲ್ಲಿ ಅಚ್ಚಾಯಿತು. ಬರಹ ಕ್ರಿಸ್ತಶಕ ಎರಡನೇ ಶತಮಾನದ್ದು. ಕಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ಒಬ್ಬ ರಾಜನ ಕೈಯಲ್ಲಿ ಸಿಕ್ಕಿಬಿದ್ದಿರುತ್ತಾಳೆ. ಅಣ್ಣ ಹಡಗಲ್ಲಿ ಬಂದು, ರಾಜನಿಗೆ ನೀರು ಬೆರೆಸದ ದ್ರಾಕ್ಷಾಮದ್ಯ ಕುಡಿಸಿ ಮಲಗಿಸಿ, ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ಅದರಲ್ಲೊಬ್ಬ ವಿದೂಷಕ. ಅವನ ಆಯುಧ ಯಾವುದು ಗೊತ್ತಾ? ಹೊಟ್ಟೆಯ ಗಾಳಿ! ಸತ್ಯವಾಗಿಯೂ. ಅದನ್ನೇ ಬಿಟ್ಟು ಶತ್ರುಗಳನ್ನು ಓಡಿಸುತ್ತಾನೆ. ನಡುನಡುವೆ ಆ ರಾಜನೂ ಅವನ ಕಡೆಯವರೂ ಗ್ರೀಕ್ ಅಲ್ಲದ ಏನೋ ಮಾತಾಡುತ್ತಾರೆ. ಅದು ಕನ್ನಡ ಅಂದರು ವಿದ್ವಾಂಸ ಶಾಮಶಾಸ್ತ್ರಿಗಳು. ಕವಿ ಗೋವಿಂದ ಪೈಗಳು ನಮ್ಮ ಮಲ್ಪೆಯ ಕಡೆಗೆ ಬೆರಳು ಮಾಡಿದರು. ತುಳು ಅಂದವರೂ ಇದ್ದಾರೆ. ಜನ ನಗಲಿ ಅಂತ ಬರೆದ ಬಡಬಡಿಕೆ, ಬೇರೇನೂ ಅಲ್ಲ ಅಂದ ವಿದ್ವಾಂಸರೂ ಇದ್ದಾರೆ. ಯಾವುದಾದರೂ ಇರಲಿ. ನಮ್ಮ ಸಮುದ್ರ ತೀರದ ಜನ ಸುಮಾರು 1,800 ವರ್ಷದ ಹಿಂದೆಯೇ ದೊಡ್ಡವರ ನಾಟಕದಲ್ಲಿ ಕುಡಿದು ಮಲಗುವ ಪಾತ್ರ ಮಾಡಿ ಆಗಿದೆ!

ನಮ್ಮವರೂ ಸುಮ್ಮನೆ ಕೂತಿರಲಿಲ್ಲ ಬಿಡಿ. ಹೊರಗಿನಿಂದ ಬಂದವರನ್ನು ಹಿಡಿದು ಭೂತ, ಅಂದರೆ ದೈವ, ಮಾಡಿ ನಂಬಿದ್ದಾರೆ. ಮೀನುಗಾರ ಮೊಗವೀರರು ನಂಬುವ ಬೊಬ್ಬರ್ಯನ ಮೂಲ ಮುಸ್ಲಿಂ ಹಡಗು ವ್ಯಾಪಾರಿಯ ಮನೆಯದ್ದು. ಕುಂಬಳೆ ಹತ್ತಿರದ ಆರಿಕ್ಕಾಡಿಯಲ್ಲಿ ಆಲಿ ಭೂತ ಉಂಟು. ಕಾಳುಮೆಣಸು, ಅಕ್ಕಿ ಹೊತ್ತ ಹಡಗು ಹೋದ ದಾರಿಯಲ್ಲೇ ದೈವಗಳೂ ಬಂದವು. ಆಗ ಆರಿಸುವ ಕೈ ನಮ್ಮದೂ ಆಗಿತ್ತು, ಅಲ್ವಾ?

ಭೂತದ ಮಾತು ಬಂತಲ್ಲ, ಇನ್ನು ಆ ಸಿನಿಮಾದ ಸುದ್ದಿ ಎತ್ತದೆ ಬಿಟ್ಟರೆ ನೀವು ಕಳಿಸಲಿಕ್ಕಿಲ್ಲ. ಮಂಗಳೂರಿನಲ್ಲಿ ಜಡ್ಜಾಗಿದ್ದ ಬರ್ನೆಲ್ ಸಾಹೇಬರು ಸಂಗ್ರಹಿಸಿದ ಭೂತಗಳ ಹಾಡು-ಕತೆ 1894ರಿಂದ ಅಚ್ಚಾದಾಗ ಅದರ ತಲೆಬರಹದಲ್ಲಿ ನಮ್ಮ ದೈವಗಳು ಬರೀ ಸೈತಾನರಾಗಿದ್ದವು. 2022ರಲ್ಲಿ 'ಕಾಂತಾರ' ಬಂದದ್ದೇ ಬಂದದ್ದು, ಇಡೀ ದೇಶ ಕೈ ಮುಗಿಯಿತು. ಸಿನಿಮಾ ಚೆನ್ನಾಗಿಯೇ ಇತ್ತು. ಪಂಜುರ್ಲಿ, ಗುಳಿಗ ಅಂತ ಹೆಸರು ಹಿಡಿದು ಹೇಳುವವರು ಪಂಜಾಬಿನಲ್ಲೂ ಸಿಕ್ಕರು. ತೊಂದರೆ ಎಲ್ಲಿ ಅಂದರೆ, ಲೋಕ ಎತ್ತಿಕೊಂಡು ಹೋದದ್ದು ಅದರಲ್ಲಿ ದೈವ ಕೂಗುವ ಒಂದು ಕೂಗನ್ನು ಮಾತ್ರ. ಶಾಲೆಯ ಛದ್ಮವೇಷದಲ್ಲಿ ಅದೇ ಕೂಗು, ಮದುವೆ ಮನೆಯ ಡಿಜೆಯಲ್ಲಿ ಅದೇ ಕೂಗು, ಮುಖಕ್ಕೆ ಹಳದಿ ಬಳಿದುಕೊಂಡ ರೀಲ್ಸಿನಲ್ಲಿ ಅದೇ. 2025ರ ನವೆಂಬರಿನಲ್ಲಿ ಗೋವಾ ಚಿತ್ರೋತ್ಸವದ ವೇದಿಕೆಯಲ್ಲಿ ಹಿಂದಿಯ ದೊಡ್ಡ ನಟರೊಬ್ಬರು ಅದನ್ನೇ ಮಾಡಲಿಕ್ಕೆ ಹೋಗಿ ಆಮೇಲೆ ಕ್ಷಮೆ ಕೇಳಿದರು.

ದೈವಕ್ಕೆ ವೇಷ ಕಟ್ಟಿ ನಡೆಸುವ ಕೋಲ ನೋಡಿದವರಿಗೆ ಗೊತ್ತು, ಆ ಕೂಗು ಎಷ್ಟು ಹೊತ್ತು? ಅರೆ ನಿಮಿಷ ಇರಬಹುದಾ? ಅದಕ್ಕೆ ಮೊದಲು ಎಣ್ಣೆಬೂಳ್ಯ ಕೊಡುವುದು, ಅರದಾಳ ಹಚ್ಚುತ್ತಾ ಗಂಟೆಗಟ್ಟಲೆ ಕೂರುವುದು, ತಿರಿ ಕಟ್ಟುವುದು, ಗಗ್ಗರ ತೊಡುವುದು, ಅಣಿ ಏರಿಸುವುದು. ಪಕ್ಕದಲ್ಲಿ ತಾಯಿಯೋ ಹೆಂಡತಿಯೋ ತೆಂಬರೆ ಬಡಿಯುತ್ತಾ ದೈವದ ಕತೆಯ ಹಾಡು ಪಾಡ್ದನ ಹೇಳುತ್ತಿರಬೇಕು. ಆ ಹೆಂಗಸು ಯಾವ ರೀಲಿನಲ್ಲಾದರೂ ಕಂಡಿದ್ದಾಳಾ? ಆಮೇಲೆ ನುಡಿ. ಅಣ್ಣತಮ್ಮಂದಿರ ಪಾಲಿನ ಜಗಳ, ಗದ್ದೆಯ ಬದು ಅರ್ಧ ಅಡಿ ಆಚೆ ಹೋದದ್ದು, ಹರಕೆ ಬಾಕಿ ಇಟ್ಟದ್ದು, ಎಲ್ಲವನ್ನೂ ದೈವ ನಿಧಾನಕ್ಕೆ ಬಿಡಿಸುತ್ತದೆ. ಬೆಳಗಿನ ಜಾವದ ಚಳಿಯಲ್ಲಿ ಮಕ್ಕಳು ಕುರ್ಚಿಯಲ್ಲೇ ನಿದ್ದೆ ಹೋಗಿರುತ್ತವೆ. ನನಗೆ ಕೇಳಿದರೆ ಕೋಲದ ಜೀವ ಇರುವುದು ಆ ಅರ್ಧ ಅಡಿ ಬದುವಿನ ಪಂಚಾಯ್ತಿಯಲ್ಲೇ. ಅದನ್ನು ರೀಲ್ಸ್ ಮಾಡಿ ನೋಡುವಾ, ಎಷ್ಟು ಜನ ನೋಡುತ್ತಾರೆ ಅಂತ.

ಸಿನಿಮಾ ಬಂದದ್ದರಿಂದ ಒಂದು ಒಳ್ಳೆಯದೂ ಆಯಿತು, ಸುಳ್ಳು ಯಾಕೆ ಹೇಳಬೇಕು. 2022ರ ಅಕ್ಟೋಬರಿನಲ್ಲಿ ಸರ್ಕಾರ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ನಲಿಕೆ, ಪರವ, ಪಂಬದ ಜನ ತಲೆತಲಾಂತರದಿಂದ ಅಣಿ ಹೊತ್ತರು. ರಾತ್ರಿ ಗುತ್ತಿನ ಯಜಮಾನರು ಅವರ ಎದುರು ಕೈಕಟ್ಟಿ ನಿಲ್ಲುತ್ತಿದ್ದರು, ಬೆಳಿಗ್ಗೆ ಅದೇ ಮನೆಯ ಜಗಲಿ ಹತ್ತಲಿಕ್ಕೆ ಬಿಡುತ್ತಿರಲಿಲ್ಲ. ಅವರಿಗೂ ವಯಸ್ಸಾಗುತ್ತದೆ, ಮಂಡಿ ನೋವು ಬರುತ್ತದೆ ಎಂಬುದು ತಿಳಿಯಲಿಕ್ಕೆ ಮುಂಬೈಯ ಮಲ್ಟಿಪ್ಲೆಕ್ಸ್ ತುಂಬಬೇಕಾಯಿತಲ್ಲ! ನಾವು ಊರವರು ಇಷ್ಟು ವರ್ಷ ಎಲ್ಲಿಗೆ ಹೋಗಿದ್ದೆವೋ.

ಈ ಮಾತು ಎತ್ತಿದರೆ ಆಚೆಮನೆ ಅಣ್ಣನಿಗೆ ಕೋಪ ಬರುತ್ತದೆ, ಆದರೂ ಹೇಳುತ್ತೇನೆ. ಲೋಕ ನಮ್ಮನ್ನು ಆರಿಸಿ ಎತ್ತಿಕೊಂಡಿತು ಅಂತ ನಾವು ದೂರುತ್ತೇವೆ, ನಮ್ಮ ನಡುವಿನ ಕೊರಗ ಜನಾಂಗದವರ ಬುಟ್ಟಿಗೆ ನಾವು ಮಾಡಿದ್ದೇನು? ಅವರ ಡೋಲು ನಮಗೆ ಬೇಕಿತ್ತು, ಅವರು ಬೇಕಿರಲಿಲ್ಲ. ಕಂಬಳದ ಹಿಂದಿನ ರಾತ್ರಿ ಮಂಜಿನಲ್ಲಿ ಬೆಳಗಾಗುವ ತನಕ ಡೋಲು ಬಡಿಸುತ್ತಾ ಕೂರಿಸುತ್ತಿದ್ದೆವು, ಅದಕ್ಕೆ ಪನಿ ಕುಲ್ಲುನು ಅಂತ ಶಾಸ್ತ್ರದ ಹೆಸರು ಬೇರೆ. ಅವರನ್ನು ಹೀಗೆ ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿ ನಿಷೇಧಿಸಲಿಕ್ಕೆ 2000ನೇ ಇಸವಿಯಲ್ಲಿ ಕಾನೂನೇ ಬರಬೇಕಾಯಿತು. ಅವರದ್ದೇ ಒಂದು ಭಾಷೆ ಉಂಟು. ಹಲವು ಮನೆಗಳಲ್ಲಿ ಅದು ಹೋಗಿ ತುಳುವೋ ಕನ್ನಡವೋ ಬಂದು ಕೂತಿದೆ. ಈಗ ಮೆರವಣಿಗೆಯ ಮುಂದೆ ಡೋಲು ಇದ್ದರೆ ಫೋಟೋ ಚಂದ ಬರುತ್ತದೆ ಅಂತ ಕರೆಸುತ್ತಾರೆ. ಬುಟ್ಟಿ ಹೆಣೆಯುವ ಕೆಲಸ ಪ್ಲಾಸ್ಟಿಕ್ ಬಂದು ಹಾಳಾಯಿತು, ಅದರ ಫೋಟೋ ಯಾರಿಗೂ ಬೇಡ. ಇದು ಯಾವ ಅಮೆರಿಕದವರು ಮಾಡಿದ್ದು ಹೇಳಿ?

ಹೋಗಲಿ, ಒಂದು ಸಮಾಧಾನದ ಸುದ್ದಿ ಹೇಳಿಬಿಡುತ್ತೇನೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರ ಹೆಸರು ಕೇಳಿದ್ದೀರಾ? ಬೇಸಾಯ ಮಾಡಿಕೊಂಡು, ಸಿರಿ ಜಾತ್ರೆಯಲ್ಲಿ ಮುಂದೆ ನಿಲ್ಲುತ್ತಿದ್ದವರು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಎಂಬ ವಿದ್ವಾಂಸರು ಬಂದು ಅವರ ಎದುರು ಕೂತರು. ನಮ್ಮ ವಿದ್ವಾಂಸರಾದ ವಿವೇಕ ರೈಗಳು, ಚಿನ್ನಪ್ಪ ಗೌಡರು ಜತೆಗಿದ್ದರು. ನಾಯ್ಕರು ಸಿರಿ ಪಾಡ್ದನ ಹೇಳುತ್ತಾ ಹೋದರು. ದಿನ ಕಳೆದು ದಿನ ಬಂತು, ಪಾಡ್ದನ ಮುಗಿಯಲಿಲ್ಲ. ಕಡೆಗೆ ಎಣಿಸಿದರೆ 15,683 ಸಾಲು. ಹೋಮರನ ಇಲಿಯಡ್ 15,693 ಸಾಲು ಅಂತ ಲೆಕ್ಕ. ಬರೀ ಹತ್ತು ಸಾಲು ಕಡಿಮೆ ಮಾರ್ರೆ! ನಡುವೆ ಒಂದು ಸಲ ಎಲೆಯಡಿಕೆಗೆ ಎದ್ದು ಹೋಗದೇ ಇದ್ದಿದ್ದರೆ ಹೋಮರನನ್ನು ದಾಟಿಯೇ ಬಿಡುತ್ತಿದ್ದರೋ ಏನೋ. 1998ರಲ್ಲಿ ಹೆಲ್ಸಿಂಕಿಯಿಂದ ಪುಸ್ತಕವಾಗಿ ಬಂತು.

ಫಿನ್ಲೆಂಡಿನವರೇ ಯಾಕೆ ಬಂದರು ಅಂತ ಯೋಚಿಸಿದ್ದೀರಾ? ಅವರೂ ಸಣ್ಣ ಜನವೇ. ಒಂದು ಕಾಲದಲ್ಲಿ ಸ್ವೀಡನ್ನಿನವರ ಕೈಕೆಳಗೆ, ಆಮೇಲೆ ರಷ್ಯದ ಕೈಕೆಳಗೆ. ಹಳ್ಳಿಯವರ ಬಾಯಲ್ಲಿದ್ದ ಹಾಡುಗಳನ್ನು ಲೊನ್‌ರೋಟ್ ಎಂಬ ಡಾಕ್ಟರು ಒಟ್ಟು ಮಾಡಿ 1835ರಲ್ಲಿ 'ಕಾಲೆವಾಲಾ' ಅಂತ ಅಚ್ಚು ಹಾಕಿಸಿದ ಮೇಲೆ ತಾವು ಯಾರು ಅಂತ ಅವರಿಗೆ ಧೈರ್ಯ ಬಂತು. ಹಾಗಾಗಿ ಹಾಡಿಗೆ ಎಷ್ಟು ಹೊತ್ತು ಕೂರಬೇಕು ಎಂಬುದು ಅವರಿಗೆ ಗೊತ್ತಿತ್ತು. ಜಾಗತೀಕರಣ ಅಂದರೆ ಇದೂ ಜಾಗತೀಕರಣವೇ ಅಲ್ವಾ? ಒಬ್ಬರು ಅರ್ಧ ನಿಮಿಷದ ಕೂಗಿಗೆ ಬರುತ್ತಾರೆ, ಇನ್ನೊಬ್ಬರು 15,683 ಸಾಲಿಗೆ ಬರುತ್ತಾರೆ.

ಸಿರಿಯ ಕತೆಯೂ ಸಣ್ಣದಲ್ಲ. ಸತ್ಯನಾಪುರದ ಬಿರ್ಮು ಆಳ್ವರ ಮೊಮ್ಮಗಳು, ಬಸರೂರಿನ ಕಾಂತು ಪೂಂಜನ ಹೆಂಡತಿ. ಗಂಡ ಸರಿ ಇಲ್ಲ ಅಂತ ಕಂಡಾಗ ತಾನೇ ಬಿಡುಗಡೆ ಕೊಟ್ಟು ಮಗುವನ್ನು ಎತ್ತಿಕೊಂಡು ಹೊರಟವಳು. ಗಂಡ ಕೊಟ್ಟದ್ದಲ್ಲ, ಇವಳು ಕೊಟ್ಟದ್ದು! ಸಿರಿ ಜಾತ್ರೆಯಲ್ಲಿ ಇವತ್ತಿಗೂ ಹೆಂಗಸರು ಕೈಯಲ್ಲಿ ಹಿಂಗಾರ ಹಿಡಿದು ಮೈದುಂಬಿ ನಿಲ್ಲುತ್ತಾರೆ, ಮನೆಯಲ್ಲಿ ಬಾಯಿ ಬಿಡಲಾಗದ್ದನ್ನು ಅಲ್ಲಿ ಹೇಳುತ್ತಾರೆ. ಇದಕ್ಕೆ ಇನ್ನೂ ಯಾರೂ ಡಿಜೆ ಹಾಕಿಲ್ಲ. ಹಾಕದಿರಲಿ ಅಂತ ನನ್ನ ಆಸೆ. ಆದರೆ ಈ ಕಾಲದಲ್ಲಿ ಡಿಜೆ ಇಲ್ಲದ್ದು ಎಷ್ಟು ವರ್ಷ ಬಾಳುತ್ತದೆ ಎಂಬ ಹೆದರಿಕೆಯೂ ಜತೆಗೇ ಉಂಟು. ಎರಡೂ ಒಟ್ಟಿಗೆ ಹೇಗೆ ಅಂತ ನನ್ನನ್ನು ಕೇಳಬೇಡಿ.

ಇತ್ತ ಭಾಷೆಯ ವಿಷಯದಲ್ಲಿ ಕಂಪ್ಯೂಟರಿನವರು ನಮ್ಮ ಸರ್ಕಾರಗಳಿಗಿಂತ ಚುರುಕು. 2024ರ ಜೂನಿನಲ್ಲಿ ಗೂಗಲ್ ತನ್ನ ಅನುವಾದಕ್ಕೆ 110 ಭಾಷೆ ಸೇರಿಸಿತಲ್ಲ, ಅದರಲ್ಲಿ ತುಳುವೂ ಇತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿತು. ಎಂಟನೇ ಪರಿಚ್ಛೇದದವರು ಮಾತ್ರ ಇನ್ನೂ ಕಡತ ನೋಡುತ್ತಿದ್ದಾರೆ. ಆಚೆಮನೆ ಅಣ್ಣನ ಮೊಮ್ಮಗ ಇರುವುದು ಟೊರಾಂಟೊದಲ್ಲಿ. ಅವನ ಅಜ್ಜಿ ತುಳುವಿನಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲಿ ಹೇಳುತ್ತಾನೆ, ನಡುವೆ ಮಗಳು ದುಭಾಷಿ. ಈಗ ಮಗಳ ಕೆಲಸ ಫೋನು ಮಾಡಲಿ ಅಂತ ಅಣ್ಣ ಹೊರಟಿದ್ದಾರೆ. ಅಜ್ಜಿಗೆ ಮನಸ್ಸಿಲ್ಲ. "ಅವನಿಗೆ ಬೈಯಬೇಕಾದರೆ ಆ ಫೋನಿನ ಹತ್ತಿರ ಬಾಯಿಟ್ಟು ನಿಧಾನಕ್ಕೆ ಬೈಯಬೇಕಂತೆ, ಹಾಗೆ ಬೈದರೆ ತಾಗುತ್ತದಾ?" ಅಂತ ಅವರ ತಕರಾರು. ನನಗಂತೂ ಅಜ್ಜಿಯ ಕಡೆಯೇ ನ್ಯಾಯ ಕಂಡಿತು.

ಮೊನ್ನೆ ನಮ್ಮ ರಸ್ತೆಯ ಮೂಲೆಯ ಅಂಗಡಿಯವರು ಅಭಿಮಾನದಿಂದ ತುಳು ಲಿಪಿಯಲ್ಲಿ ಬೋರ್ಡು ಬರೆಸಿ ನೇತು ಹಾಕಿದ್ದಾರೆ. ಅಕ್ಷರ ಏನೋ ಭಾರೀ ಚಂದ ಉಂಟು. ನಾನೂ ಅಣ್ಣನೂ ಹತ್ತು ನಿಮಿಷ ಕತ್ತು ಎತ್ತಿ ನಿಂತೆವು, ನಮಗಿಬ್ಬರಿಗೂ ಓದಲಿಕ್ಕೆ ಬರಲಿಲ್ಲ. ಅಂಗಡಿಯವರನ್ನೇ ಕೇಳಿದೆವು. ಅವರೂ ಬರೆದುಕೊಟ್ಟ ಹುಡುಗನಿಗೆ ಫೋನು ಹಚ್ಚುತ್ತಿದ್ದರು, ಸಿಗುತ್ತಿರಲಿಲ್ಲ. ನಿಮ್ಮ ಪೈಕಿ ಓದಲು ಬಲ್ಲವರು ಯಾರಾದರೂ ಇದ್ದರೆ ಸಂಜೆ ಹೊತ್ತು ಈ ಕಡೆ ಕಳಿಸಿ ಮಾರ್ರೆ, ಹಾಗೇ ಒಂದು ಲೋಟ ಚಾ ಕುಡಿದು ಹೋಗಲಿ.